ಟೈಮ್ ಔಟ್ ಆಗದೆ ಬ್ಲೇಡ್ ಇಲ್ಲ: ನಮ್ಮ ಓಟಿಯ ಅನುಭವ

ಶಿವಮೊಗ್ಗದ ನಮ್ಮ ಓಟಿಯಲ್ಲಿ (ಆಪರೇಷನ್ ಥಿಯೇಟರ್) ಶಸ್ತ್ರಚಿಕಿತ್ಸೆಯ ಸುರಕ್ಷತಾ ಚೆಕ್‌ಲಿಸ್ಟ್ ಒಂದು ತಿಂಗಳು ನಡೆದರೆ ಹೆಚ್ಚು ಅಂದವರೇ ಎಲ್ಲರೂ. ಒಂದೂವರೆ ವರ್ಷವಾಯಿತು, ಈಗಲೂ ಹತ್ತು ಕೇಸಿನಲ್ಲಿ ಒಂಬತ್ತಕ್ಕೆ ಪೂರ್ತಿ ನಡೆಯುತ್ತಿದೆ.

ಮೊದಲು ಸೋತದ್ದು ಕಾಗದದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ 2008ರ ಪಟ್ಟಿಯ 19 ಅಂಶಗಳನ್ನೂ ಮುದ್ರಿಸಿ ಕೇಸ್ ಶೀಟಿಗೆ ಸೇರಿಸಿದೆವು. ಮೂರು ಸಾವಿರ ಚಿಲ್ಲರೆ ಹೋಯಿತು. ಟಿಕ್ ಎಲ್ಲ ಇತ್ತು, ಆದರೆ ಐದು ಹಾಳೆಗೂ ಒಂದೇ ಪೆನ್ನು, ಒಂದೇ ಓರೆ. ಊಟ ಮುಗಿಸಿ ಕೂತು ಹಾಕಿದ್ದು.

ಆಮೇಲೆ ಗೋಡೆಗೆ ಬಿಳಿ ಬೋರ್ಡ್, ಸುಮಾರು 1,200 ರೂಪಾಯಿ. ಟೈಮ್ ಔಟ್ ಅಂದರೆ ಚರ್ಮ ಗೀರುವ ಮುನ್ನ ಎಲ್ಲರೂ ಕೈ ನಿಲ್ಲಿಸಿ ಪಟ್ಟಿ ಕೇಳುವ ಹೊತ್ತು. ಓದುವವರು ರನ್ನರ್ ಸಿಸ್ಟರ್ (ಓಡಾಡಿ ಸಾಮಾನು ತಂದುಕೊಡುವ ನರ್ಸ್), ಗಟ್ಟಿಯಾಗಿ. ಓದಿ ಮುಗಿಯುವ ತನಕ ಸ್ಕ್ರಬ್ ಸಿಸ್ಟರ್ (ಸರ್ಜನ್ ಕೈಗೆ ಉಪಕರಣ ಕೊಡುವ ನರ್ಸ್) ಹ್ಯಾಂಡಲ್‌ಗೆ ಬ್ಲೇಡ್ ಹಾಕುವುದೇ ಇಲ್ಲ. ಸರ್ಜನ್ ಕೈ ಚಾಚಿದರೆ "ಸರ್, ಟೈಮ್ ಔಟ್ ಆಗಲಿ" ಅಷ್ಟೇ ಮಾತು. ಒಂದು ನಿಮಿಷದ ಕೆಲಸ. ಹಿರಿಯ ಸರ್ಜನ್‌ರನ್ನು ಒಪ್ಪಿಸಿದ ಬಗೆ ಮಾತ್ರ ನಮ್ಮಲ್ಲೇ ಇರಲಿ.

ರೋಗಿಯನ್ನು "ನೀವು ಮಂಜಪ್ಪ ಅಲ್ವಾ?" ಅಂತ ಕೇಳಲೇಬಾರದು. ಹೊಸನಗರದ ಹಳ್ಳಿಯಿಂದ ಹೆದರಿಕೊಂಡು ಬಂದ ಅಜ್ಜ ಯಾವ ಹೆಸರು ಹೇಳಿದರೂ "ಹೂಂ" ಅನ್ನುತ್ತಾರೆ. "ನಿಮ್ಮ ಹೆಸರು ಹೇಳಿ ಅಜ್ಜ, ಯಾವ ಕಡೆ ಆಪರೇಷನ್, ಕೈಯಿಟ್ಟು ತೋರಿಸಿ" ಅನ್ನಬೇಕು. ಆಪರೇಷನ್ ಜಾಗಕ್ಕೆ ಹಾಕಿದ ಸ್ಕೆಚ್ ಪೆನ್ನಿನ ಗುರುತು ಬೆಟಾಡಿನ್ ಬಳಿಯುವಾಗಲೇ ಅಳಿಸಿಹೋಗುತ್ತದೆ. ಪರ್ಮನೆಂಟ್ ಮಾರ್ಕರ್‌ನಲ್ಲಿ ಬರೆದು ಒಣಗಲು ಬಿಡಿ. ಡ್ರೇಪ್ (ಮೈ ಮುಚ್ಚುವ ಶುದ್ಧ ಬಟ್ಟೆ) ಹಾಕಿದ ಮೇಲೂ ಕಾಣುವ ಜಾಗದಲ್ಲಿರಲಿ.

ಆಂಟಿಬಯೋಟಿಕ್ ಗೀರುವ ಮುನ್ನ 60 ನಿಮಿಷದೊಳಗೆ ಅಂತ ಎಲ್ಲರಿಗೂ ಗೊತ್ತು. ವಾರ್ಡಿನಲ್ಲಿ ಎಂಟಕ್ಕೆ ಕೊಟ್ಟು, ಕೇಸ್ ಹತ್ತೂವರೆಗೆ ಶುರುವಾದರೆ ಟಿಕ್ ಇದ್ದೂ ಪ್ರಯೋಜನವಿಲ್ಲ. ಈಗ ಸೆಫಜೋಲಿನ್ ಎಂಬ ಆಂಟಿಬಯೋಟಿಕ್ ಕೊಡುವುದು ಓಟಿ ಟೇಬಲ್ ಮೇಲೆಯೇ. ಬೋರ್ಡಿನಲ್ಲಿ ಟಿಕ್ ಅಲ್ಲ, ಕೊಟ್ಟ ಗಂಟೆ ಬರೆಯಬೇಕು.

ಪಟ್ಟಿಯಲ್ಲಿರುವಂತೆ ಓಟಿ ತಂಡದ ಎಲ್ಲರೂ ತಮ್ಮ ಹೆಸರು ಹೇಳಿಕೊಳ್ಳುವುದನ್ನು ದಿನವೂ ಮಾಡಿ ನೋಡಿದೆವು. ಹತ್ತು ವರ್ಷ ಜೊತೆಗಿದ್ದವರಿಗೆ ಅದು ಬೇಸರ ತಂದು, ಉಳಿದ ಪ್ರಶ್ನೆಗಳನ್ನೂ ಹಗುರ ಮಾಡಿತು. ಹೊರಗಿನ ಸರ್ಜನ್ ಬಂದ ದಿನ ಮಾತ್ರ ಉಳಿಸಿಕೊಂಡೆವು.

ಹೆಚ್ಚು ಕಾಡಿದ್ದು ಸೈನ್ ಔಟ್, ಅಂದರೆ ಆಪರೇಷನ್ ಮುಗಿದು ರೋಗಿಯನ್ನು ಹೊರಗೆ ಕಳಿಸುವ ಮುನ್ನದ ಪರಿಶೀಲನೆ. ಕೊನೇ ಹೊಲಿಗೆಗೆ ಸರ್ಜನ್ ಗ್ಲೌಸ್ ಬಿಚ್ಚಿ ಹೊರಟಿರುತ್ತಾರೆ. ಅದಕ್ಕೇ ಮಾಪ್ (ರಕ್ತ ಒರೆಸುವ ಬಟ್ಟೆ) ಎಣಿಕೆಯನ್ನು ಹೊಟ್ಟೆ ಮುಚ್ಚುವ ಮುನ್ನವೇ ತಂದೆವು: ಐದೈದರ ಕಟ್ಟು, ಬಳಸಿದ್ದು ಸ್ಟ್ಯಾಂಡಿಗೆ, ಇಬ್ಬರು ಒಟ್ಟಿಗೆ ಎಣಿಸಬೇಕು. ಲೆಕ್ಕ ತಪ್ಪಿದರೆ ಹೊಲಿಗೆ ದಾರ ಕೊಡುವುದಿಲ್ಲ. ಹುಡುಕಿ ಸಿಗದಿದ್ದರೆ ಎಕ್ಸ್‌ರೇ. ಎಕ್ಸ್‌ರೇಯಲ್ಲಿ ಕಾಣುವ ದಾರವಿರುವ ಮಾಪ್‌ಗೆ ಸ್ವಲ್ಪ ದುಡ್ಡು ಹೆಚ್ಚು, ಅಲ್ಲಿ ಉಳಿಸಬೇಡಿ.

ತಪ್ಪುತ್ತಿರುವ ಆ ಹತ್ತನೆಯದು ರಾತ್ರಿಯ ತುರ್ತು ಸಿಸೇರಿಯನ್. ರನ್ನರ್ ಸಿಸ್ಟರ್ ಮಗುವಿನ ವಾರ್ಮರ್ ಕಡೆ ಓಡಿರುತ್ತಾರೆ, ಓದಲು ಜನವಿಲ್ಲ. ಈ ಮಳೆಗಾಲದಿಂದ ಅರಿವಳಿಕೆ ವೈದ್ಯರೇ ಕೆಂಪಿನಲ್ಲಿ ಬರೆದ ಮೂರು ಸಾಲು ಓದುತ್ತಿದ್ದಾರೆ: ಅಲರ್ಜಿ, ರಕ್ತ, ಮಗುವಿನ ಉಸಿರಿಗೆ ಬೇಕಾದ ಸಾಮಾನು.