ಬೆಳಗಿನ ಜಾವ ಆರುತ್ತಿದ್ದ ಸೋಲಾರ್ ವೇಗದ ಬೋರ್ಡು

ಹೆದ್ದಾರಿ ಪಕ್ಕದ ವೇಗ ತೋರಿಸುವ ಸೋಲಾರ್ ಬೋರ್ಡು ಬೆಳಗಿನ ಜಾವ ಮೂರಕ್ಕೆಲ್ಲಾ ಆರಿಹೋಗುತ್ತಿತ್ತು. ಬಿಸಿಲೇರಿದರೆ ಮತ್ತೆ ಸರಿ. ಪ್ಯಾನೆಲ್ ಒರೆಸಿದೆ, ಟರ್ಮಿನಲ್ ಉಜ್ಜಿದೆ, ಎರಡು ಸಲ ಬ್ಯಾಟರಿಯನ್ನೇ ಬದಲಿಸಿದೆ. ಆರೇ ತಿಂಗಳಿಗೆ ಅದೂ ಸೊರಗಿತು. ಪಾಪ, ಬ್ಯಾಟರಿ ಸುಮ್ನೆ ಬೈಸಿಕೊಂಡಿತು.

ತಪ್ಪಿದ್ದದ್ದು ಚಾರ್ಜ್ ಕಂಟ್ರೋಲರ್‌ನಲ್ಲಿ, ಅಂದರೆ ಪ್ಯಾನೆಲ್‌ನಿಂದ ಬ್ಯಾಟರಿಗೆ ಹೋಗುವ ಕರೆಂಟನ್ನು ಹತೋಟಿಯಲ್ಲಿಡುವ ಪೆಟ್ಟಿಗೆಯಲ್ಲಿ. ಒಳಗಿದ್ದದ್ದು ನೀರು ಹಾಕುವ 12 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿ, ಕಂಟ್ರೋಲರ್ ಸೆಟ್ಟಿಂಗ್ ಮಾತ್ರ ಜೆಲ್ ಅನ್ನುವ ಬೇರೆ ಬಗೆಯ ಬ್ಯಾಟರಿಯದ್ದು. 14.1 ವೋಲ್ಟ್‌ಗಿಂತ ಮೇಲೆ ಹೋಗುತ್ತಿರಲಿಲ್ಲ, ಹೊಟ್ಟೆ ತುಂಬುತ್ತಲೇ ಇರಲಿಲ್ಲ. ಬೋರ್ಡಿಗೆ ಕರೆಂಟ್ ನಿಲ್ಲಿಸುವ ಕಟ್‌ಆಫ್ 10.8, ಅದು ಬ್ಯಾಟರಿಯನ್ನು ಹಿಂಡಿ ಹಿಪ್ಪೆ ಮಾಡುವ ಮಟ್ಟ.

ಮೂರನೇ ಬ್ಯಾಟರಿ ಹಾಕುವಾಗ ಮೊದಲು ಲೋಡ್, ಅಂದರೆ ಬೋರ್ಡಿನ ವೈರು ಬಿಚ್ಚಿದೆ, ಆಮೇಲೆ ಪ್ಯಾನೆಲ್, ಕೊನೆಗೆ ಬ್ಯಾಟರಿ. ಜೋಡಿಸಿದ್ದು ಇದಕ್ಕೆ ತಿರುಗುಮುರುಗಾಗಿ. ಪ್ಯಾನೆಲ್ ಮೊದಲು ಸಿಕ್ಕಿಸಿದರೆ ಕೆಲವು ಕಂಟ್ರೋಲರ್ ಬ್ಯಾಟರಿ 24 ವೋಲ್ಟ್‌ನದ್ದು ಅಂದುಕೊಳ್ಳುತ್ತವೆ. ಸೆಟ್ಟಿಂಗ್ ಬದಲಿಸಿದೆ: ಬಗೆ ಫ್ಲಡೆಡ್ (ನೀರು ಹಾಕುವ ಬ್ಯಾಟರಿ), ಚಾರ್ಜ್ 14.6, ತುಂಬಿದ ಮೇಲೆ ಹಿಡಿದಿಡುವ ಫ್ಲೋಟ್ 13.6, ಕಟ್‌ಆಫ್ 11.6, ಮರಳಿ ಆನ್ 12.6. ಹಾಕಿದ ತಾರೀಖನ್ನು ಬ್ಯಾಟರಿ ಮೇಲೇ ಪೇಂಟಲ್ಲಿ ಬರೆದೆ. ಒಂದೂವರೆ ವರ್ಷವಾಯ್ತು, ಬೆಳಗ್ಗೆ ಆರಕ್ಕೆ ಮೀಟರ್ ಹಿಡಿದರೂ 12.3 ತೋರಿಸುತ್ತದೆ.