ಕೆಂಪಿನೊಳಗಿನ ವಿವರ

ಪ್ರಕೃತಿಯ ಚಿತ್ರ ತೆಗೆಯುವವರಿಗೆ ಕೆಂಪಿನಷ್ಟು ಆಸೆ ಹುಟ್ಟಿಸುವ ಬಣ್ಣ ಇನ್ನೊಂದಿಲ್ಲ; ಅದರಷ್ಟು ಸತಾಯಿಸುವುದೂ ಇನ್ನೊಂದಿಲ್ಲ. ಹಸಿರಿನ ನಡುವೆ ಅರಳಿದ ಕೆಂಪು ಹೂವನ್ನು ನೋಡುವಾಗ ಎಸಳಿನ ನರ, ಮಡಿಕೆ, ಅಂಚಿನ ತೆಳು ನೆರಳು ಎಲ್ಲವೂ ಕಣ್ಣಿಗೆ ಕಾಣುತ್ತವೆ. ಚಿತ್ರದಲ್ಲಿ ಮಾತ್ರ ಬಣ್ಣ ಮೆತ್ತಿದ ತೇಪೆಯಂತಹುದೊಂದು ಉಳಿಯುತ್ತದೆ. ಹಲವು ವರ್ಷಗಳಿಂದ ನಾನು ಹೂವು, ಚಿಗುರು, ಬಂಡೆ, ಬಾನು ಎಂದು ಕೆಂಪನ್ನೇ ಹುಡುಕಿಕೊಂಡು ಹೋಗುತ್ತಿದ್ದೇನೆ. ನನಗೆ ಕೈಗೂಡಿದ ದಾರಿ ಒಂದೇ: ಪ್ರತಿ ಹಂತದಲ್ಲೂ ಕೆಂಪನ್ನು ಸ್ವಲ್ಪ ತಗ್ಗಿಸಿ ಹಿಡಿಯುವುದು.

ಹೀಗೇಕೆ ಎಂಬುದು ಕ್ಯಾಮೆರಾದೊಳಗೇ ಇದೆ. ಸಾಮಾನ್ಯ ಸೆನ್ಸರ್‌ನ ಪ್ರತಿ ನಾಲ್ಕು ಬಿಂದುಗಳಲ್ಲಿ ಎರಡು ಹಸಿರಿಗೆ, ಒಂದು ನೀಲಿಗೆ, ಒಂದು ಕೆಂಪಿಗೆ ಮೀಸಲು. ಗಾಢ ಕೆಂಪು ಎಸಳಿನ ಮುಂದೆ ಹಸಿರು, ನೀಲಿ ಬಿಂದುಗಳಿಗೆ ಹೆಚ್ಚು ಬೆಳಕು ಸಿಗುವುದಿಲ್ಲ. ವಿವರ ಹೊರುವ ಭಾರವೆಲ್ಲ ಕಾಲುಭಾಗದ ಬಿಂದುಗಳ ಮೇಲೆಯೇ ಬೀಳುತ್ತದೆ. ಆ ಬಿಂದುಗಳೂ ಬೆಳಕು ತುಂಬಿ ಮಿತಿ ಮುಟ್ಟಿದರೆ ಎಸಳಿನ ಏರಿಳಿತ ಅಳಿಸಿಹೋಗುತ್ತದೆ. ಆಗಲೂ ಕ್ಯಾಮೆರಾ ಎಚ್ಚರಿಸದೆ ಇರಬಹುದು. ಹೊಳಪಿನ ಲೆಕ್ಕದಲ್ಲಿ ಹಸಿರಿಗೆ ಸುಮಾರು ಶೇ 72ರಷ್ಟು ತೂಕವಿದ್ದರೆ ಕೆಂಪಿಗೆ ಇರುವುದು ಶೇ 21 ಮಾತ್ರ. ಹೀಗಾಗಿ ಒಟ್ಟು ಹೊಳಪನ್ನು ತೋರಿಸುವ ಬಿಳಿ ಹಿಸ್ಟೋಗ್ರಾಮ್ (ಎಡಕ್ಕೆ ಕತ್ತಲು, ಬಲಕ್ಕೆ ಬೆಳಕು ಎಷ್ಟಿದೆ ಎಂದು ತೋರಿಸುವ ನಕ್ಷೆ) ನೆಮ್ಮದಿಯಾಗಿ ನಡುವೆಯೇ ಕುಳಿತಿರುತ್ತದೆ. ಕೆಂಪು ಅಷ್ಟರಲ್ಲಿ ಬಲಗೋಡೆಗೆ ಅಪ್ಪಳಿಸಿರುತ್ತದೆ.

ಆದ್ದರಿಂದ ನಾನು ಮೂರು ಬಣ್ಣಗಳನ್ನು ಬೇರೆ ಬೇರೆಯಾಗಿ ತೋರಿಸುವ ಹಿಸ್ಟೋಗ್ರಾಮನ್ನೇ ನೋಡುತ್ತೇನೆ, ಅದರಲ್ಲೂ ಕೆಂಪಿನ ಗೆರೆಯನ್ನು. ಕತ್ತಲು ಹಸಿರಿನ ಹಿನ್ನೆಲೆಯಲ್ಲಿ ಒಂಟಿ ಹೂವಿದ್ದರೆ ಬೆಳಕು ಅಳೆಯುವ ಮೀಟರ್ ಹಿನ್ನೆಲೆಯನ್ನು ಬೆಳಗಿಸಲು ಹೊರಡುತ್ತದೆ. ಆಗ ಎಕ್ಸ್‌ಪೋಷರನ್ನು ಮೈನಸ್ 0.7 ಸ್ಟಾಪ್‌ನಿಂದ (ಒಂದು ಸ್ಟಾಪ್ ಇಳಿದರೆ ಬೆಳಕು ಅರ್ಧವಾಗುತ್ತದೆ) ಆರಂಭಿಸಿ, ಬೇಕೆನಿಸಿದರೆ ಮೈನಸ್ 1ರವರೆಗೂ ಇಳಿಸುತ್ತೇನೆ. ಕಡತ ರಾ ರೂಪದಲ್ಲೇ, ಅಂದರೆ ಸೆನ್ಸರ್ ಹಿಡಿದ ಕಚ್ಚಾ ಮಾಹಿತಿಯಾಗಿಯೇ ಇರಬೇಕು. ಆದರೆ ಪರದೆಯ ಹಿಸ್ಟೋಗ್ರಾಮ್ ತಯಾರಾಗುವುದು ಕ್ಯಾಮೆರಾವೇ ಸಂಸ್ಕರಿಸಿ ಕೊಡುವ ಜೆಪೆಗ್ ಚಿತ್ರದ ಸೆಟ್ಟಿಂಗ್‌ಗಳ ಪ್ರಕಾರ. ಅದಕ್ಕಾಗಿ ಬಣ್ಣ ಏರಿಸುವ ‘ವಿವಿಡ್’ ಶೈಲಿ ಬಿಟ್ಟು ‘ನ್ಯೂಟ್ರಲ್’ ಆರಿಸುತ್ತೇನೆ. ಪರದೆಯ ಮೇಲೆ ಚಿತ್ರ ಸಪ್ಪೆಯಾಗಿ ಕಾಣುತ್ತದೆ ನಿಜ, ಹಿಸ್ಟೋಗ್ರಾಮ್ ಮಾತ್ರ ಸತ್ಯಕ್ಕೆ ಹತ್ತಿರವಾಗಿರುತ್ತದೆ. ನೆರಳಿಗೆಂದು ಇರುವ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಚಿತ್ರದ ಬಣ್ಣ ಸರಿದೂಗಿಸುವ ಸೆಟ್ಟಿಂಗ್) ಕೆಂಪನ್ನು ಇನ್ನಷ್ಟು ಎತ್ತುತ್ತದೆ ಎಂಬುದನ್ನೂ ನೆನಪಿನಲ್ಲಿ ಇಟ್ಟುಕೊಂಡಿರುತ್ತೇನೆ.

ಹೂವಿಗೆ ನನ್ನ ಆಯ್ಕೆ ಮೋಡದ ಬೆಳಕು. ನೆತ್ತಿಯ ಬಿಸಿಲು ಎಸಳಿನ ಮೇಲೆ ಬಿಳಿ ಹೊಳಪು ಎರಚಿ ಬಣ್ಣವನ್ನೇ ನುಂಗಿಬಿಡುತ್ತದೆ. ಮಳೆ ನಿಂತ ಹೊತ್ತಂತೂ ಹಬ್ಬ! ಒದ್ದೆಯಾದ ಎಸಳು, ಎಲೆ, ಮಣ್ಣು ಎಲ್ಲವೂ ಗಾಢವಾಗುತ್ತವೆ. ಆದರೆ ಒದ್ದೆ ಮೈಯ ಮೇಲೆ ಆಕಾಶದ ಪ್ರತಿಬಿಂಬವೂ ಕೂತಿರುತ್ತದೆ. ಪ್ರತಿಫಲನ ತಗ್ಗಿಸುವ ಪೋಲರೈಸರ್ ಫಿಲ್ಟರನ್ನು ನಿಧಾನವಾಗಿ ತಿರುಗಿಸುತ್ತಾ ಹೋದರೆ ಆ ಬಿಳಿಚು ಪದರ ಕಳಚಿ ಒಳಗಿನ ಕೆಂಪು ಹೊರಬರುವುದು ಕಣ್ಣೆದುರೇ ಕಾಣುತ್ತದೆ. ಒಂದರಿಂದ ಎರಡು ಸ್ಟಾಪ್ ಬೆಳಕು ಕಳೆದುಹೋಗುತ್ತದೆ, ಹಾಗಾಗಿ ಟ್ರೈಪಾಡ್ ಬೇಕೇ ಬೇಕು. ಆಟೊಫೋಕಸ್ ನುಣುಪಾದ ಕೆಂಪು ಎಸಳಿನ ಮೇಲೆ ತಡಕಾಡಿದರೆ ಕೇಸರದ ಮೇಲೋ ಎಸಳಿನ ಅಂಚಿನ ಮೇಲೋ ಫೋಕಸ್ ನಿಲ್ಲಿಸುತ್ತೇನೆ.

ಎಲೆಗಳ ಮಾತೇ ಬೇರೆ. ಎಳೆ ಚಿಗುರಿನಲ್ಲಿ, ಉದುರುವ ಮುನ್ನ ಕೆಂಪೇರುವ ಎಲೆಗಳಲ್ಲಿ ಇರುವುದು ಆಂಥೋಸಯಾನಿನ್ ಎಂಬ ವರ್ಣದ್ರವ್ಯ. ಸೂರ್ಯ ಎಲೆಯ ಹಿಂದಿದ್ದಾಗ ಬೆಳಕು ಅದರ ಮೂಲಕ ಹಾದುಬಂದು ನರನರವೂ ಎದ್ದು ಕಾಣುತ್ತದೆ. ಇಲ್ಲಿ ನಾನು ಮೋಡಕ್ಕಾಗಿ ಕಾಯುವುದಿಲ್ಲ. ಇಳಿಬಿಸಿಲಿನಲ್ಲಿ ಎಲೆಯ ಈಚೆ ಬದಿಗೆ ಬಗ್ಗಿ ಕೂರುತ್ತೇನೆ.

ಬಂಡೆ, ಮಣ್ಣುಗಳ ಕೆಂಪು ಹೆಚ್ಚಾಗಿ ಕಬ್ಬಿಣದ ಆಕ್ಸೈಡಿನದು, ಅಂದರೆ ಹೆಮಟೈಟ್. ಈ ಕೆಂಪು ನಡುಹಗಲಿನಲ್ಲಿ ಪೇಲವ ಕಂದಾಗಿ ಕುಗ್ಗಿರುತ್ತದೆ. ಸೂರ್ಯ ಹುಟ್ಟಿದ ಮೇಲಿನ ಸ್ವಲ್ಪ ಹೊತ್ತು, ಮುಳುಗುವ ಮುಂಚಿನ ಸ್ವಲ್ಪ ಹೊತ್ತು ಅದು ಜೀವ ತಳೆಯುತ್ತದೆ. ಆಗ ಬೆಳಕು ವಾತಾವರಣದೊಳಗೆ ಉದ್ದದ ಹಾದಿ ಸವೆಸುತ್ತದೆ, ನೀಲಿ ದಾರಿಯಲ್ಲೇ ಚದುರಿಹೋಗಿ ಕೆಂಪು ಮುಂದೆ ಬರುತ್ತದೆ. ಓರೆ ಬೆಳಕಿಗೆ ಬಂಡೆಯ ಬಿರುಕುಗಳೂ ಮೂಡಿ ನಿಲ್ಲುತ್ತವೆ. ವಿಶಾಲ ದೃಶ್ಯದಲ್ಲಿ ಕೆಂಪು ಚಿಕ್ಕದಾಗಿದ್ದಷ್ಟೂ ನನಗೆ ಇಷ್ಟ: ಮಂಜು ಮುಸುಕಿದ ಇಳಿಜಾರಿನಲ್ಲಿ ಒಂದೇ ಒಂದು ಹೂಬಿಟ್ಟ ಮರ ಸಾಕು.

ಸಂಜೆಬಾನಿಗೆ ನನ್ನ ನಿಯಮ ಸರಳ. ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ ಕ್ಯಾಮೆರಾ ಕೆಂಪನ್ನು ದೋಷವೆಂದು ಬಗೆದು ತಿದ್ದಲು ಹೊರಡುತ್ತದೆ. ಹಾಗಾಗಿ ಅದನ್ನು ಹಗಲು ಬೆಳಕಿಗೆ, ಸುಮಾರು 5500 ಕೆಲ್ವಿನ್‌ಗೆ ಕಟ್ಟಿಹಾಕುತ್ತೇನೆ. ಬೆಳಕನ್ನು ಅಳೆಯುವುದು ಸೂರ್ಯನ ಪಕ್ಕದ ಮೋಡದ ಮೇಲೆ. ಸೂರ್ಯ ಮುಳುಗಿದ ಕೂಡಲೇ ಚೀಲ ಕಟ್ಟುವವರನ್ನು ಕಂಡರೆ ಕೈಹಿಡಿದು ನಿಲ್ಲಿಸಬೇಕೆನಿಸುತ್ತದೆ. ಎತ್ತರದ ಮೋಡಗಳಿಗೆ ಕೆಳಗಿನಿಂದ ಬೆಳಕು ಬಡಿಯುವುದು ಆಮೇಲೆಯೇ. ಇನ್ನೂ ಕತ್ತಲಾದಾಗ ನಮ್ಮ ಕಣ್ಣಿಗೆ ಕೆಂಪು ಹೂಗಳು ಕಪ್ಪಾಗಿ ಕಾಣತೊಡಗುತ್ತವೆ. ಮಂದ ಬೆಳಕಿನಲ್ಲಿ ಕಣ್ಣಿನ ಒಲವು ನೀಲಿಯ ಕಡೆಗೆ ಸರಿಯುತ್ತದೆ; ಚೆಕ್ ವಿಜ್ಞಾನಿ ಯಾನ್ ಪುರ್ಕಿನ್ಯೆ 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದ. ಸೆನ್ಸರ್‌ಗೆ ಈ ಬದಲಾವಣೆ ಇಲ್ಲ. ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್‌ಗೆ ಆ ಹೂಗಳು ಕೆಂಪಾಗಿಯೇ ಸಿಗುತ್ತವೆ.

ಕಂಪ್ಯೂಟರ್‌ನ ಮುಂದೆ ಕೂತಾಗ ಬಣ್ಣದ ತೀವ್ರತೆ ಏರಿಸುವ ಸ್ಯಾಚುರೇಷನ್ ಪಟ್ಟಿಯನ್ನು ನಾನು ಬಲಕ್ಕೆ ಎಳೆಯುವುದಿಲ್ಲ. ಕೆಂಪಿನ ಹೊಳಪನ್ನಷ್ಟೇ ಸ್ವಲ್ಪ ಇಳಿಸುತ್ತೇನೆ. ಬಣ್ಣ ಗಾಢವಾಗುತ್ತದೆ, ವಿವರವೂ ಉಳಿಯುತ್ತದೆ. ಎಸಳಿನ ಬೆಳಗಿದ ಭಾಗ ಕಿತ್ತಳೆಗೆ ತಿರುಗಿದೆಯೇ ಎಂದೂ ನೋಡುತ್ತೇನೆ, ಅದು ಕೆಂಪು ಮಿತಿ ಮೀರಿದ್ದರ ಗುರುತು. ಹೆಚ್ಚಿನ ಕೆಂಪು ಸಿಗಲೆಂದು ಅಡೋಬಿ ಆರ್‌ಜಿಬಿ ಎಂಬ ಬಣ್ಣಗಳ ವ್ಯಾಪ್ತಿಯನ್ನು ಆರಿಸುವವರಿದ್ದಾರೆ. ಅದು ವಿಸ್ತರಿಸುವುದು ಮುಖ್ಯವಾಗಿ ಹಸಿರಿನ ಕಡೆಗೆ. ಅದರ ಮೂಲ ಕೆಂಪು ಸಾಮಾನ್ಯ ಬಳಕೆಯ ವ್ಯಾಪ್ತಿಯಾದ ಎಸ್‌ಆರ್‌ಜಿಬಿಯದೇ. ಕೆಂಪಿಗೆ ನಿಜವಾಗಿ ಹೆಚ್ಚು ಜಾಗ ಕೊಡುವುದು ಡಿಸ್‌ಪ್ಲೇ ಪಿ3, ಪ್ರೊಫೋಟೊದಂತಹವು. ಮುದ್ರಣಕ್ಕೆ ಕಳಿಸುವ ಮುನ್ನ ಕಾಗದದ ಪ್ರೊಫೈಲ್ (ಆ ಕಾಗದದ ಮೇಲೆ ಬಣ್ಣ ಹೇಗೆ ಮೂಡುತ್ತದೆ ಎಂಬ ವಿವರದ ಕಡತ) ಹಾಕಿ ಪರದೆಯ ಮೇಲೆ ಒಮ್ಮೆ ಪರೀಕ್ಷಿಸುತ್ತೇನೆ. ಮ್ಯಾಟ್ ಕಾಗದದ ಮೇಲೆ ಗಾಢ ಕೆಂಪು ಮಂಕಾಗುತ್ತದೆ. ಬಂಡೆ, ಮಣ್ಣಿನ ಚಿತ್ರಗಳಿಗೆ ಅದು ಒಪ್ಪುತ್ತದೆ. ಹೂವಿಗೆ ಮಾತ್ರ ನಾನು ಹೊಳಪಿನ ಕಾಗದವನ್ನೇ ಕೇಳಿ ಹಾಕಿಸುತ್ತೇನೆ.