ಸೆಕೆಂಡ್ಸ್ ಬುಲೆಟ್ ತಂದು ತೋಟೆ ಕಟ್ಟುವುದು: ನನ್ನ ಅನುಭವ

ಟೆಕ್ಸಾಸ್‌ನಲ್ಲಿ ರೈಫಲ್ ಇಟ್ಟುಕೊಂಡವರಿಗೆ ಕೋವಿಯ ಖರ್ಚು ದೊಡ್ಡದಲ್ಲ, ತೋಟೆಯದ್ದು ದೊಡ್ಡದು. ಕೋವಿ ಒಂದು ಸಲ ಕೊಂಡರೆ ಮುಗಿಯಿತು. ತೋಟೆ ರೇಂಜ್‌ಗೆ ಹೋದಾಗಲೆಲ್ಲ ಕರಗುತ್ತದೆ. ಅದಕ್ಕೇ ಇಲ್ಲಿ ತುಂಬಾ ಜನ ಮನೆಯಲ್ಲೇ ತೋಟೆ ಕಟ್ಟಿಕೊಳ್ಳುತ್ತಾರೆ. ನಾನೂ ಅವರಲ್ಲಿ ಒಬ್ಬ. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೇಸ್ ಹಲವು ಸಲ ಬಾಳುತ್ತದೆ. ಅದನ್ನು ಸ್ವಚ್ಛ ಮಾಡಿ, ಅಳತೆಗೆ ತಂದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಪ್ರೈಮರ್ ಕೂರಿಸಿ, ಉರಿಯುವ ಮದ್ದು ಅಂದರೆ ಪೌಡರ್ ಹಾಕಿ, ಬಾಯಿಗೆ ಬುಲೆಟ್ ಒತ್ತಿದರೆ ಮತ್ತೆ ತೋಟೆ ತಯಾರು. ಬುಲೆಟ್ ಅಂದರೆ ಇಲ್ಲಿ ಇಡೀ ತೋಟೆಯಲ್ಲ. ಒಳಗೆ ಸೀಸ, ಹೊರಗೆ ತಾಮ್ರದ ಕವಚ ಇರುವ ಮುಂದಿನ ತುಂಡು ಮಾತ್ರ.

ಈ ನಾಲ್ಕರಲ್ಲಿ ಕೇಸ್ ಕೈಯಲ್ಲೇ ಇರುತ್ತದೆ. ಪ್ರೈಮರ್, ಪೌಡರ್‌ನಲ್ಲಿ ಚೌಕಾಸಿಗೆ ಜಾಗವಿಲ್ಲ. ಅವುಗಳನ್ನು ಕೊರಿಯರ್‌ನಲ್ಲಿ ತರಿಸಿದರೆ ಅಪಾಯಕಾರಿ ಸರಕು ಅಂತ ಮೇಲೊಂದು ಶುಲ್ಕ ಬೇರೆ. 2020ರಿಂದ ಎರಡು ವರ್ಷ ಪ್ರೈಮರ್ ಸಿಗುವುದೇ ಕಷ್ಟವಾಗಿತ್ತು. ಇನ್ನು ದುಡ್ಡು ಉಳಿಸಲು ಸಾಧ್ಯವಿರುವುದು ಬುಲೆಟ್‌ನಲ್ಲಿ. ಅಲ್ಲೇ ಸೆಕೆಂಡ್ಸ್, ಅಂದರೆ ಸಣ್ಣ ದೋಷಕ್ಕೆ ಕಾರ್ಖಾನೆ ಬದಿಗಿಟ್ಟು ಅಗ್ಗಕ್ಕೆ ಬಿಡುವ ಮಾಲು, ಕೈಹಿಡಿಯುತ್ತದೆ.

ಮುಂದೆ ಹೋಗುವ ಮುಂಚೆ ಕಾನೂನಿನ ಮಾತು ಹೇಳಿಬಿಡುತ್ತೇನೆ, ಯಾಕಂದ್ರೆ ನಮ್ಮವರಲ್ಲಿ ಅನೇಕರಿಗೆ ಇದು ಗೊತ್ತಿಲ್ಲ. ಎಚ್‌1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಇದ್ದವರಿಗೆ ಸೇರಿ ಕೆಲವೇ ವಿನಾಯಿತಿಗಳಿವೆ. ಆ ಕಾನೂನಿನಲ್ಲಿ ಮದ್ದುಗುಂಡು ಅಂದರೆ ಬರೀ ಬುಲೆಟ್, ಬರೀ ಕೇಸ್, ಬರೀ ಪ್ರೈಮರ್ ಕೂಡ ಸೇರಿತು. ನಾನು ಗ್ರೀನ್ ಕಾರ್ಡ್ ಬಂದ ಮೇಲೇ ಈ ಕಡೆ ತಲೆ ಹಾಕಿದ್ದು. ಸ್ವಂತ ಬಳಕೆಗೆ ಕಟ್ಟಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಡ, ಕಟ್ಟಿ ಮಾರುವ ವ್ಯಾಪಾರಕ್ಕೆ ಬೇಕು. ಊರಲ್ಲಿರುವ ತಮ್ಮಂದಿರಿಗೆ ಇನ್ನೊಂದು ಮಾತು. ಭಾರತದಲ್ಲಿ 1959ರ ಆಯುಧ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನ ನಮಗೆ ಕೋವಿಗೆ ವಿನಾಯಿತಿ ಇದೆ ಅಂತ ಇದನ್ನು ಅಲ್ಲಿ ಮಾಡಲು ಹೋಗಬೇಡಿ.

ಈಗ ಮಾಲಿನ ವಿಷಯ. ಬೆಂಗಳೂರಿನಲ್ಲಿ ಎಕ್ಸ್‌ಪೋರ್ಟ್ ರಿಜೆಕ್ಟ್ ಶರ್ಟು ಕೊಂಡವರಿಗೆ ಈ ವ್ಯಾಪಾರ ಬಿಡಿಸಿ ಹೇಳಬೇಕಿಲ್ಲ. ಕಾರ್ಖಾನೆಯ ಕಣ್ಣಿಗೆ ಸರಿಬಾರದ್ದು, ಆದರೆ ಕೆಲಸಕ್ಕೆ ಬರುವಂಥದ್ದು. ಬುಲೆಟ್‌ನಲ್ಲಿ ಹೆಚ್ಚಾಗಿ ಕಾಣುವುದು ತಾಮ್ರದ ಮೇಲೆ ನೀರಿನ ಕಲೆ, ಮಾಸಿದ ಬಣ್ಣ, ಸಣ್ಣ ಗೀರು. ಕೆಲವು ಸಲ ಸುತ್ತಲಿನ ಗೆರೆ, ಅಂದರೆ ಕ್ಯಾನೆಲ್ಯೂರ್, ತಪ್ಪಿದ ಜಾಗದಲ್ಲಿರುತ್ತದೆ ಅಥವಾ ಇರುವುದೇ ಇಲ್ಲ. ಪ್ಲಾಸ್ಟಿಕ್ ತುದಿಯ ಬುಲೆಟ್ ಆದರೆ ತುದಿಯ ಬಣ್ಣ ಬೇರೆ. ನಾಸ್ಲರ್ ಕಂಪನಿಯ ಬ್ಯಾಲಿಸ್ಟಿಕ್ ಟಿಪ್‌ನಲ್ಲಿ ಒಂದೊಂದು ಅಳತೆಗೆ ಒಂದೊಂದು ಬಣ್ಣ: 30 ಕ್ಯಾಲಿಬರ್‌ಗೆ ಹಸಿರು, 7 ಎಂಎಂಗೆ ಕೆಂಪು, ಪಾಯಿಂಟ್ 270ಕ್ಕೆ ಹಳದಿ. ಆ ಹಸಿರು ಸ್ವಲ್ಪ ಮಂಕಾಗಿ ಬಂದರೂ ಅದು ಡಬ್ಬಿಗೆ ಹೋಗಲ್ಲ, ಸೆಕೆಂಡ್ಸ್ ಚೀಲಕ್ಕೆ ಹೋಗುತ್ತದೆ. ಅದು ಹಾರುವ ರೀತಿಗೂ ಬಣ್ಣಕ್ಕೂ ಏನು ಸಂಬಂಧ?

ನಾಸ್ಲರ್‌ನವರ ಇಂಥ ಮಾಲು ಒರೆಗಾನ್‌ನ ಶೂಟರ್ಸ್ ಪ್ರೊ ಶಾಪ್‌ನಲ್ಲಿ ಸಿಗುತ್ತದೆ. ಮಿಸೌರಿಯ ಮಿಡ್‌ವೇ ಯುಎಸ್‌ಎಯಲ್ಲೂ ಫ್ಯಾಕ್ಟರಿ ಸೆಕೆಂಡ್ ಅಂತಲೇ ಬರೆದು ಮಾರುತ್ತಾರೆ. ನನಗೆ ಸಾಮಾನ್ಯವಾಗಿ ಮೂರನೇ ಒಂದು ಭಾಗದಷ್ಟು ಉಳಿದಿದೆ, ಕೆಲವು ಸಲ ಅದಕ್ಕೂ ಜಾಸ್ತಿ. ಆದರೆ ಬೇಕಾದ್ದು ಬೇಕಾದಾಗ ಸಿಗಲ್ಲ. ಕಾರ್ಖಾನೆಯಲ್ಲಿ ಏನು ಕೆಟ್ಟಿತೋ ಅದು ಬರುತ್ತದೆ. ಅದಕ್ಕೇ ಮೊದಲು ಚಿಕ್ಕ ಚೀಲ ತರಿಸಿ ನೋಡುತ್ತೇನೆ. ನೋಡಿ ಮುಗಿಸುವುದರೊಳಗೆ ಸ್ಟಾಕ್ ಖಾಲಿಯಾಗಿದ್ದರೆ ಹೋಗಲಿ ಬಿಡಿ ಅಂತ ಸುಮ್ನಾಗುತ್ತೇನೆ. ಅಗ್ಗ ಅಂತ ಕಣ್ಣುಮುಚ್ಚಿ ಸಾವಿರ ತರಿಸುವವರನ್ನೂ ಕಂಡಿದ್ದೇನೆ. ಅವರ ಗ್ಯಾರೇಜಿನ ಮೂಲೆ ನೋಡಿದರೆ ಉಳಿತಾಯ ಎಲ್ಲಿ ಕೂತಿದೆ ಅಂತ ಗೊತ್ತಾಗುತ್ತದೆ. ಭಾರದ ಲೆಕ್ಕವೂ ಇರಲಿ: 165 ಗ್ರೇನ್‌ನ (ಒಂದು ಗ್ರೇನ್ ಅಂದರೆ ಸುಮಾರು 0.065 ಗ್ರಾಂ) 500 ಬುಲೆಟ್ ಐದು ಕೆಜಿಗೂ ಜಾಸ್ತಿ ತೂಗುತ್ತದೆ. ಸಾಗಣೆ ದರ ಸೇರಿಸಿ ನೋಡದೆ ಅಗ್ಗ ಅನ್ನಬೇಡಿ.

ಚೀಲ ಮನೆಗೆ ಬಂದ ಮೇಲೆ ನಿಜವಾದ ಕೆಲಸ ಶುರು. ಕಂಪನಿಯವರು ಆರಿಸದೆ ಬಿಟ್ಟದ್ದನ್ನು ನಾವು ಕೂತು ಆರಿಸಬೇಕು. ನಮಗೆ ಬಿಟ್ಟುಕೊಟ್ಟ ದುಡ್ಡು ಇದರ ಕೂಲಿ. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ದೀಪ ಪಕ್ಕದಿಂದ ಬೀಳುವ ಹಾಗೆ ಇಡುತ್ತೇನೆ. ಮೇಲಿನಿಂದ ಬೆಳಕು ಬಿದ್ದರೆ ತಗ್ಗು ಕಾಣಲ್ಲ. ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ಮೊದಲು ಬುಡ ನೋಡುತ್ತೇನೆ, ತುದಿಯನ್ನಲ್ಲ. ಹೊಸಬರು ತುದಿ ನೋಡಿ ಗಾಬರಿಯಾಗುತ್ತಾರೆ. ನೂರಕ್ಕೂ ಹೆಚ್ಚು ವರ್ಷದ ಹಿಂದೆ ಅಮೆರಿಕದ ವೈದ್ಯ ಫ್ರಾಂಕ್ಲಿನ್ ಮ್ಯಾನ್ ಬುಲೆಟ್‌ಗಳನ್ನು ಬೇಕಂತಲೇ ಕೆಡಿಸಿ ಹೊಡೆದು ನೋಡಿದ್ದರು. ತುದಿ ಕೆಟ್ಟರೆ ಆಗುವ ತೊಂದರೆ ಕಡಿಮೆ, ಬುಡ ಕೆಟ್ಟರೆ ಗುರಿ ಹೋಯಿತು ಅಂತ ಆಗಲೇ ಕಂಡುಕೊಂಡರು. ಕಾರಣ ಸರಳ. ಬುಲೆಟ್ ನಳಿಗೆಯ ಬಾಯಿ ಬಿಡುವಾಗ ಹಿಂದಿನಿಂದ ನುಗ್ಗುವ ಅನಿಲ ಬುಡದ ಸುತ್ತ ಸಮನಾಗಿ ಹೊರಬರಬೇಕು. ಅಂಚು ಒಂದು ಕಡೆ ಚಿಪ್ಪೆದ್ದಿದ್ದರೆ ಆ ಕಡೆ ಅನಿಲ ಮೊದಲು ನುಗ್ಗಿ ಬುಲೆಟ್ಟನ್ನು ಓರೆಯಾಗಿ ತಳ್ಳುತ್ತದೆ. ಹಾಗಾಗಿ ಬುಡದ ಅಂಚಿಗೆ ಏಟು ಬಿದ್ದಿದ್ದರೆ, ಕವಚ ಬಿರುಕು ಬಿಟ್ಟಿದ್ದರೆ, ಯೋಚನೆಯೇ ಇಲ್ಲದೆ ಕಸದ ಡಬ್ಬಿಗೆ. ಬಣ್ಣ ಮಾಸಿದ್ದು, ತುದಿ ಸ್ವಲ್ಪ ಮೊಂಡಾದದ್ದು ಉಳಿಯುತ್ತದೆ.

ಆಮೇಲೆ ಅಡ್ಡಗಲ. 30 ಕ್ಯಾಲಿಬರ್ ಬುಲೆಟ್ 0.308 ಇಂಚು, ಅಂದರೆ 7.82 ಮಿಲಿಮೀಟರ್. ಇದಕ್ಕೆ ಕ್ಯಾಲಿಪರ್ ಸಾಲದು, ಮೈಕ್ರೋಮೀಟರ್ ಬೇಕು. ಚೀಲದಲ್ಲಿ ಬೇರೆ ಜಾತಿಯದ್ದು ಒಂದೆರಡು ಸೇರಿರಬಹುದು, ಅದನ್ನು ಹಿಡಿಯಬೇಕು. 270ರ ಬುಲೆಟ್ 0.277 ಇಂಚು, 7 ಎಂಎಂದು 0.284. ವ್ಯತ್ಯಾಸ 0.18 ಮಿಲಿಮೀಟರ್. ಕಣ್ಣಿಗೆ ಕಾಣುತ್ತಾ? ದೊಡ್ಡದು ಚಿಕ್ಕ ನಳಿಗೆಗೆ ಹೋಗುವುದು ತಮಾಷೆಯಲ್ಲ.

ತೂಕಕ್ಕೆ ಬರುತ್ತೇನೆ. ಹತ್ತನೇ ಒಂದು ಗ್ರೇನ್ ತೋರಿಸುವ ಡಿಜಿಟಲ್ ತಕ್ಕಡಿ ಸಾಕು. ಆದರೆ ಅದು ಬಿಸಿಗೆ, ಫ್ಯಾನ್ ಗಾಳಿಗೆ ಆಚೀಚೆ ಆಗುತ್ತದೆ, ಹಾಗಾಗಿ ಆಗಾಗ ತೂಕದ ಬಟ್ಟು ಇಟ್ಟು ಪರೀಕ್ಷೆ ಮಾಡುತ್ತೇನೆ. 165ರಿಂದ ಅರ್ಧ ಗ್ರೇನ್ ಒಳಗಿದ್ದದ್ದು ಮೊದಲ ಗುಂಪು. ಇನ್ನೂ ಸ್ವಲ್ಪ ಹೆಚ್ಚು ಕಡಿಮೆ ಇದ್ದದ್ದು ಎರಡನೆಯದು. ತೀರಾ ದೂರ ಹೋದದ್ದು ಹೊರಗೆ. ಒಳ್ಳೆಯ ಚೀಲದಲ್ಲಿ ಮೊದಲ ಗುಂಪೇ ದೊಡ್ಡ ರಾಶಿ. ಎರಡು ಬೇರೆ ತಯಾರಿಯ ಮಾಲು ಒಂದೇ ಚೀಲದಲ್ಲಿದ್ದರೆ ತೂಕ ಎರಡು ಕಡೆ ಗುಂಪುಗಟ್ಟುತ್ತದೆ. ಬರೆದಿಟ್ಟುಕೊಂಡವರಿಗೆ ಮಾತ್ರ ಅದು ಕಾಣುತ್ತದೆ. ಉದ್ದವನ್ನು ತುದಿಯಿಂದ ಅಳೆಯುವುದಿಲ್ಲ, ತುದಿಯೇ ಕೆಟ್ಟಿರುತ್ತದಲ್ಲ. ಕ್ಯಾಲಿಪರ್‌ಗೆ ಕಂಪಾರೇಟರ್ ಎಂಬ ಅಳತೆಯ ತುಂಡು ಹಾಕಿ ಬುಡದಿಂದ ಬುಲೆಟ್ ದಪ್ಪವಾಗುವ ಜಾಗಕ್ಕೆ ಅಳೆಯುತ್ತೇನೆ. ನಳಿಗೆಯ ಒಳಗೆ ಮೊದಲು ತಾಗುವುದು ಆ ಜಾಗವೇ. ಹೊಸ ಚೀಲ ಬಂದಾಗ ಪೌಡರ್, ಪ್ರೈಮರ್ ಇಲ್ಲದ ಖಾಲಿ ತೋಟೆಯೊಂದನ್ನು ಕಟ್ಟಿ, ಮ್ಯಾಗಜೀನ್‌ನಲ್ಲೂ ನಳಿಗೆಯ ಹಿಂದೆ ತೋಟೆ ಕೂರುವ ಚೇಂಬರ್‌ನಲ್ಲೂ ಕೂರುತ್ತದಾ ಅಂತ ನೋಡದೆ ಮುಂದೆ ಹೋಗುವುದಿಲ್ಲ.

ಇದೆಲ್ಲ ಮುಗಿಸಿ ಏನನ್ನಾದರೂ ಬಾಯಿಗೆ ಹಾಕುವ ಮುಂಚೆ ಸೋಪು ಹಾಕಿ ಕೈ ತೊಳೆಯುವುದು. ಸೀಸದ ಧೂಳು ಕಣ್ಣಿಗೆ ಕಾಣಲ್ಲ.

ಪೌಡರ್ ಎಷ್ಟು ಅಂತ ಇಲ್ಲಿ ಬರೆಯುವುದಿಲ್ಲ. ಅದು ನಿಮ್ಮ ಕೈಪಿಡಿಯಲ್ಲಿದೆ, ಅಲ್ಲೇ ಇರಲಿ. ಒಂದು ಮಾತು ಮಾತ್ರ: ತೂಕ ಒಂದೇ ಅಂತ ಬೇರೆ ಬುಲೆಟ್‌ನ ಲೆಕ್ಕ ಇದಕ್ಕೆ ಹಾಕಬೇಡಿ. 165 ಗ್ರೇನ್‌ನ ಸೀಸದ ಬುಲೆಟ್ಟಿಗೂ ಪೂರ್ತಿ ತಾಮ್ರದ ಬುಲೆಟ್ಟಿಗೂ ಒಳಗಿನ ಒತ್ತಡ ಬೇರೆ ಬೇರೆ. ಚೀಲದ ಮೇಲೆ ಕಂಪನಿ ಯಾವುದು, ಮಾದರಿ ಯಾವುದು ಅಂತ ಬರೆದಿಲ್ಲದಿದ್ದರೆ ನಾನು ಕೊಳ್ಳುವುದೇ ಇಲ್ಲ, ಎಷ್ಟೇ ಅಗ್ಗವಾಗಿರಲಿ. ಹೆಸರಿದ್ದರೂ ಪ್ರತಿ ಹೊಸ ಚೀಲಕ್ಕೆ ಕೈಪಿಡಿಯ ಕನಿಷ್ಠ ಅಳತೆಯಿಂದಲೇ ಶುರು ಮಾಡುತ್ತೇನೆ.

ಫಲಿತಾಂಶ? 100 ಗಜಕ್ಕೆ, ಅಂದರೆ 91 ಮೀಟರ್‌ಗೆ, ನನ್ನ 308 ರೈಫಲ್‌ನಲ್ಲಿ ಮೊದಲ ಗುಂಪಿನದೂ ಡಬ್ಬಿಯ ಮಾಲೂ ಕಾಗದದ ಮೇಲೆ ಒಂದೇ ಥರ ಬೀಳುತ್ತವೆ. ಗುರುತು ಹಾಕದೆ ಕೊಟ್ಟರೆ ನನಗೆ ಬೇರೆ ಮಾಡಲು ಬರಲ್ಲ. ನವೆಂಬರ್‌ನ ಜಿಂಕೆ ಬೇಟೆಗೂ ಅದನ್ನೇ ಒಯ್ಯುತ್ತೇನೆ. ಎರಡನೇ ಗುಂಪು ಅಭ್ಯಾಸಕ್ಕೆ, ನಿಂತು ಹೊಡೆಯುವುದಕ್ಕೆ. ಅಲ್ಲಿ ತಪ್ಪುವುದು ನನ್ನ ಕೈ, ಬುಲೆಟ್ ಅಲ್ಲ. 600 ಗಜದ ಪಂದ್ಯಕ್ಕೆ ಮಾತ್ರ ಪೂರ್ತಿ ಬೆಲೆ ಕೊಟ್ಟು ಮ್ಯಾಚ್ ಬುಲೆಟ್ ತರುತ್ತೇನೆ. ಆ ದೂರದಲ್ಲಿ ಆರಿಸಿ ಆರಿಸಿ ಸುಸ್ತಾಗುವುದಕ್ಕಿಂತ ದುಡ್ಡು ಕೊಡುವುದೇ ಅಗ್ಗ.

ಸದ್ಯಕ್ಕೆ ಹಸಿರು ತುದಿಯ 165 ಮುಗಿಯುತ್ತಾ ಬಂದಿದೆ. ಅಂಗಡಿಯಲ್ಲಿ 180 ಮಾತ್ರ ಇದೆ. ನನ್ನ ರೈಫಲ್‌ಗೆ 180 ಹಿಡಿಸುವುದಿಲ್ಲ, ಹಾಗಾಗಿ ಕಾಯುತ್ತಿದ್ದೇನೆ.